ಬೆಕ್ಕಿನ ಕಾಲಿಗೆ ಹಲ್ಲಿನ ಗಾಯ, ನೀವು ಮನೆಯಲ್ಲಿ ಏನು ಮಾಡಿದಿರಿ?

ಸರಸ್ವತಿಪುರಂ: ನಮ್ಮ ಚಿಂಟುಗೆ ಎರಡು ವರ್ಷ. ನಿನ್ನೆ ರಾತ್ರಿ ಕಾಂಪೌಂಡ್ ಮೇಲೆ ಇನ್ನೊಂದು ಗಡವನ (ಗಂಡು ಬೆಕ್ಕಿನ) ಜೊತೆ ಜಗಳ ಆಡಿದ್ದಾನೆ. ಮುಂಗಾಲಲ್ಲಿ ಎರಡು ಸಣ್ಣ ತೂತು. ರಕ್ತ ನಿಂತಿದೆ, ಊಟ ಮಾಡುತ್ತಿದ್ದಾನೆ. ಇವತ್ತು ಭಾನುವಾರ. ಮನೆಯಲ್ಲಿ ಡೆಟಾಲ್, ಬೀಟಾಡಿನ್ ಇವೆ. ಅನುಭವ ಇರುವವರು ಹೇಳಿ.

ಕುವೆಂಪುನಗರ: ಸಣ್ಣ ತೂತು ಅಂತಲೇ ನಾನೂ ಸುಮ್ಮನಿದ್ದೆ. ನಮ್ಮ ಬೆಳ್ಳಿಯ ಬಾಲದ ಬುಡದಲ್ಲಿ ಅಕ್ಕಿಕಾಳಿನಷ್ಟೂ ಇರಲಿಲ್ಲ. ಮರುದಿನ ಹಕ್ಕಳೆ ಕಟ್ಟಿತು, ವಾಸಿಯಾಯಿತು ಅಂದುಕೊಂಡೆ. ನಾಲ್ಕನೇ ದಿನ ನಿಂಬೆಹಣ್ಣಿನಷ್ಟು ಊದಿತು. ಮೈ ಸುಡುತ್ತಿತ್ತು, ಮೀನನ್ನೂ ಮೂಸಲಿಲ್ಲ. ಬೆಕ್ಕಿನ ಹಲ್ಲು ಸೂಜಿಯಂತೆ ಆಳಕ್ಕೆ ಇಳಿಯುತ್ತದೆ. ಮೇಲೆ ಚರ್ಮ ಮುಚ್ಚಿಕೊಳ್ಳುತ್ತದೆ, ಒಳಗೆ ಕೀವು ತುಂಬುತ್ತದೆ. ಡಾಕ್ಟರ್ ಫೀಸು 400. ಅರಿವಳಿಕೆ ಕೊಟ್ಟು ಕೊಯ್ದು ಕೀವು ತೆಗೆದಿದ್ದಕ್ಕೆ 1,800. ಐದು ದಿನ ಇಂಜೆಕ್ಷನ್, ದಿನಕ್ಕೆ 250. ನೆಕ್ಕದ ಹಾಗೆ ಕುತ್ತಿಗೆಗೆ ಕಾಲರ್ 350. ಆಟೋ ಆರು ಸಲ, ಸಲಕ್ಕೆ 160. ಒಟ್ಟು 4,760 ರೂಪಾಯಿ. ಮೊದಲ ದಿನವೇ ಹೋಗಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಗುತ್ತಲು, ಮಂಡ್ಯ: ಪೇಟೆಯವರಿಗೆ ಎಲ್ಲಕ್ಕೂ ಡಾಕ್ಟರೇ ಬೇಕು. ನಮ್ಮ ಮನೆಯಲ್ಲಿ ಮೂವತ್ತು ವರ್ಷದಿಂದ ಕೊತ್ತಿಗಳಿವೆ. ಅರಿಶಿನ, ಕೊಬ್ಬರಿ ಎಣ್ಣೆ ಬಿಟ್ಟರೆ ಏನೂ ಹಚ್ಚಿಲ್ಲ. ಎಲ್ಲವೂ ವಾಸಿಯಾಗಿವೆ.

ಅಗ್ರಹಾರ, ಮೈಸೂರು: ಎಲ್ಲವೂ ಅಂತ ಹೇಳಬೇಡಿ. ವಾಪಸ್ ಬಾರದೇ ಹೋದವು ಎಷ್ಟು ಅಂತ ಲೆಕ್ಕ ಇಟ್ಟಿದ್ದೀರಾ? ನಮ್ಮ ಗೌರಿಗೆ ಬೆನ್ನ ಮೇಲೆ ಸಣ್ಣ ಗೀರು. ನೋವಿಗೆ ಅಂತ ನಮ್ಮ ಮಾವನವರು ಅರ್ಧ ಪ್ಯಾರಾಸಿಟಮಾಲ್ ಕೊಟ್ಟರು, ನಮ್ಮದೇ ಜ್ವರದ ಮಾತ್ರೆ. ಸಂಜೆಗೆ ಮುಖ ಊದಿತು. ಒಸಡು ಕಂದು ಬಣ್ಣಕ್ಕೆ ತಿರುಗಿತು, ಉಸಿರು ಎಳೆಯತೊಡಗಿದಳು. ಮರುದಿನ ಬೆಳಿಗ್ಗೆ ಇಲ್ಲ. ಬೆಕ್ಕಿನ ಪಿತ್ತಜನಕಾಂಗಕ್ಕೆ ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಇಲ್ಲವಂತೆ. ಗೀರಿನಿಂದ ಅವಳು ಸಾಯುತ್ತಿರಲಿಲ್ಲ. ಡೆಟಾಲ್ ಕೂಡ ಹಾಗೇ, ಹಚ್ಚಿದ್ದನ್ನು ನೆಕ್ಕುತ್ತವೆ. ಮುಟ್ಟಬೇಡಿ.

ಗುತ್ತಲು, ಮಂಡ್ಯ: ನಾನು ಮಾತ್ರೆ ಕೊಡಿ ಅಂದೆನಾ? ನಿಮ್ಮ ಮಾವನವರ ತಪ್ಪನ್ನು ನನ್ನ ಅರಿಶಿನದ ಮೇಲೆ ಯಾಕೆ ಹಾಕುತ್ತೀರಿ?

ಮದ್ದೂರು: ಜಗಳ ಸಾಕು. ನಮ್ಮ ತೋಟದ ಮನೆ ಗಡವನಿಗೆ ಮಳೆಗಾಲದಲ್ಲಿ ಕಿವಿ ಹಿಂದೆ ಹುಳ ಬಿದ್ದಿತ್ತು. ಅರಿಶಿನದ ಪುಡಿ ಒಣಗಿ ಕಲ್ಲಿನಂತೆ ಕೂತಿತ್ತು, ಅದರ ಅಡಿಯಲ್ಲೇ ಹುಳ. ಯಾರೋ ಹೇಳಿದರು ಅಂತ ಸೀಮೆಎಣ್ಣೆ ಬಿಟ್ಟೆ. ಚರ್ಮ ಸುಟ್ಟು ಕೂದಲೆಲ್ಲ ಉದುರಿತು. ಇವತ್ತಿಗೂ ಆ ಜಾಗ ಬೋಳು. ಈಗ ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು. ಸೂಜಿ ತೆಗೆದ ಸಿರಿಂಜಲ್ಲಿ ಮೆಲ್ಲಗೆ ಬಿಟ್ಟು ತೊಳೆಯುತ್ತೇನೆ. ಆಮೇಲೆ ಬೀಟಾಡಿನ್, ತಿಳಿ ಟೀ ಬಣ್ಣ ಬರುವಷ್ಟು ನೀರು ಬೆರೆಸಿ. ಹುಳ ಕಂಡರೆ ಮಾತ್ರ ನೇರ ಡಾಕ್ಟರ್ ಹತ್ತಿರ.

ವಿಜಯನಗರ: ತೊಳೆಯುವಾಗ ದಪ್ಪ ಟವೆಲ್‌ನಲ್ಲಿ ಸುತ್ತಿ. ನಾನು ಹಾಗೇ ಹಿಡಿದೆ, ಹೆಬ್ಬೆರಳಿಗೆ ಕಚ್ಚಿತು. ಸೋಪು ಹಾಕಿ ನಲ್ಲಿ ಕೆಳಗೆ 15 ನಿಮಿಷ ತೊಳೆದು ಆಸ್ಪತ್ರೆಗೆ ಓಡಿದೆ. ಬೆಕ್ಕಿನಿಂದಲೂ ರೇಬೀಸ್ ಬರುತ್ತದೆ. ಅದೇ ದಿನ ಒಂದು ಸೂಜಿ, ಆಮೇಲೆ 3, 7, 14, 28ನೇ ದಿನ. ಆಫೀಸಿಗೆ ಐದು ಸಲ ಅರ್ಧ ದಿನ ರಜೆ. ಅಷ್ಟಕ್ಕೂ ಬೆಕ್ಕನ್ನು ರಾತ್ರಿ ಹೊರಗೆ ಬಿಡುವುದೇ ತಪ್ಪು.

ಮದ್ದೂರು: ಕೊತ್ತಿಯನ್ನು ಕೂಡಿ ಹಾಕಿದರೆ ಭತ್ತದ ಮೂಟೆ ಇಲಿ ಪಾಲು. ಫ್ಲಾಟಲ್ಲಿ ಕೂತು ಹೇಳುವುದು ಸುಲಭ.

ವಿಜಯನಗರ: ಹಾಗಾದರೆ ಸಂತಾನಹರಣ ಆಪರೇಷನ್ ಮಾಡಿಸಿ. ಗಡವಗಳ ಜಗಳ ಎಷ್ಟೋ ಕಡಿಮೆಯಾಗುತ್ತದೆ. ನಾವು ಎಂಟನೇ ತಿಂಗಳಲ್ಲಿ ಮಾಡಿಸಿದೆವು.

ಗುತ್ತಲು, ಮಂಡ್ಯ: ಮೂಕ ಪ್ರಾಣಿಗೆ ಅದು ಅನ್ಯಾಯ ಅಲ್ವಾ?

ಅಗ್ರಹಾರ, ಮೈಸೂರು: ಕೀವು ತುಂಬಿಕೊಂಡು ಗದ್ದೆ ಬದುವಿನಲ್ಲಿ ನರಳುವುದು ನ್ಯಾಯವಾ?

ಸರಸ್ವತಿಪುರಂ: ಡೆಟಾಲ್ ಎತ್ತಿಟ್ಟೆ, ಉಪ್ಪುನೀರಲ್ಲಿ ತೊಳೆದೆ. ಒಂದು ತೂತಿನ ಸುತ್ತ ಬಿಸಿ ಇದೆ, ಸ್ವಲ್ಪ ಕುಂಟುತ್ತಿದ್ದಾನೆ. ನಾಳೆ ಬೆಳಿಗ್ಗೆ ಮೊದಲು ಡಾಕ್ಟರ್ ಹತ್ತಿರ ಹೋಗುತ್ತೇನೆ.

ಗುತ್ತಲು, ಮಂಡ್ಯ: ವಿಜಯನಗರದವರೇ, ಆಪರೇಷನ್‌ಗೆ ಎಷ್ಟು ತೆಗೆದುಕೊಂಡರು? ನಮ್ಮಲ್ಲಿ ಮೂರು ಗಡವ ಇವೆ.