ಪಾದ್ರಿಯೋ ಸನ್ಯಾಸಿಯೋ, ಜೆಲ್ಲಿಯೋ ಜಲ್ಲಿಯೋ

ಬಳಗದವರಿಗೆ ನಮಸ್ಕಾರ. ಇಂಗ್ಲಿಷಿನ ‘ಮಾಂಕ್’ (ಕ್ರೈಸ್ತ ಮಠ ಸೇರಿ ಬಾಳುವವರು), ‘ಜೆಲ್ಲಿ’ ಎಂಬ ಎರಡು ಪದಗಳಿಗೆ ಕನ್ನಡ ಹುಡುಕುತ್ತಾ ಸಿಕ್ಕಿಕೊಂಡಿದ್ದೇನೆ, ಬಿಡಿಸಿಕೊಡಿ.

ಅಮೆರಿಕದಿಂದ ಬಂದ ತಂಗಿ ಒಂದು ಪುಟ್ಟ ಗಾಜಿನ ಬಾಟ್ಲಿ ತಂದಳು. ಕ್ವಿನ್ಸ್ ಹಣ್ಣಿನ ಜೆಲ್ಲಿ. ಮ್ಯಾಸಚೂಸೆಟ್ಸ್ ರಾಜ್ಯದ ಸ್ಪೆನ್ಸರ್‌ನಲ್ಲಿ ಸೇಂಟ್ ಜೋಸೆಫ್ಸ್ ಅಬ್ಬಿ ಎಂಬ ಕ್ಯಾಥೊಲಿಕ್ ಮಠವಿದೆ. ಅಲ್ಲಿನವರು ಟ್ರ್ಯಾಪಿಸ್ಟ್ ಎಂಬ ಪಂಗಡದ ಮಾಂಕ್‌ಗಳು, ಇಂಥವನ್ನು ಕುದಿಸಿ, ತುಂಬಿಸಿ ‘ಟ್ರ್ಯಾಪಿಸ್ಟ್ ಪ್ರಿಸರ್ವ್ಸ್’ ಎಂಬ ಹೆಸರಲ್ಲಿ ಮಾರುತ್ತಾರೆ. 1954ರಲ್ಲಿ ಮಠದ ತೋಟದ ಪುದೀನದಿಂದ ಜೆಲ್ಲಿ ಮಾಡಿ ಹೆಬ್ಬಾಗಿಲಲ್ಲಿ ಮಾರಾಟಕ್ಕಿಟ್ಟದ್ದೇ ಶುರುವಂತೆ. (ಪುದೀನ ಹಣ್ಣಲ್ಲ, ಗೊತ್ತು. ಆಮೇಲೆ ಹಣ್ಣುಗಳೂ ಬಂದವು.) ಇದರ ಬಗ್ಗೆ ಒಂದು ಪುಟ ಬರೆದು ಒಂದು ಪತ್ರಿಕೆಗೆ ಕಳಿಸಿದೆ. ಕರಡು ತಿದ್ದಿದವರು ‘ಪಾದ್ರಿಗಳು ತಯಾರಿಸುವ ಜಲ್ಲಿ’ ಎಂದು ಮಾಡಿ ವಾಪಸ್ ಕಳಿಸಿದರು. ಒಂದು ಕ್ಷಣ ಕ್ರಷರು, ಟಿಪ್ಪರು ಎಲ್ಲ ಕಣ್ಣ ಮುಂದೆ ಬಂದವು. ಬಿಟ್ಟುಹೋದ ಎತ್ವವನ್ನು ಹಚ್ಚಿದೆ. ಪಾದ್ರಿ ಮಾತ್ರ ಅಷ್ಟು ಸುಲಭಕ್ಕೆ ದಾರಿ ಬಿಡುತ್ತಿಲ್ಲ.

ಪಾದ್ರಿ ಎಂಬುದು ಪೋರ್ಚುಗೀಸರ ‘ಪಾದ್ರೆ’, ಅಪ್ಪ ಎಂದರ್ಥ. ಕನ್ನಡದಲ್ಲಿ ಅದು ಬಲಿಪೂಜೆ ಅರ್ಪಿಸುವ, ಮದುವೆ ಮಾಡಿಸುವ ಇಗರ್ಜಿಯ ಗುರುಗಳಿಗೆ ನಿಂತ ಮಾತು. ಮಠದಲ್ಲಿ ಇರುವವರೆಲ್ಲ ಗುರುದೀಕ್ಷೆ ಪಡೆದವರಲ್ಲ, ಬರೀ ಬ್ರದರ್ ಆಗಿಯೇ ಉಳಿಯುವವರೂ ಇದ್ದಾರೆ. ಅವರನ್ನೆಲ್ಲ ಸಾರಾಸಗಟಾಗಿ ಪಾದ್ರಿ ಅನ್ನುವುದು, ಮಠದಲ್ಲಿ ಕಂಡವರನ್ನೆಲ್ಲ ಪುರೋಹಿತರು ಅಂದ ಹಾಗೆ.

ಹಾಗಾದರೆ ಸನ್ಯಾಸಿ? ನಾನು ಮೊದಲು ಬರೆದದ್ದು ಅದನ್ನೇ. ಬರೆದಾದ ಮೇಲೆ ಅನುಮಾನ ಹತ್ತಿತು. ನಮ್ಮ ಸನ್ಯಾಸಿ ಅಗ್ನಿಯನ್ನು ಬಿಟ್ಟವನು, ಅಡುಗೆ ಮಾಡಿಕೊಳ್ಳುವವನಲ್ಲ, ಭಿಕ್ಷೆ ಉಣ್ಣುವವನು. ಇವರೋ ಒಲೆಯ ಮುಂದೆಯೇ ನಿಂತವರು. ಇವರು ಪಾಲಿಸುವುದು ಆರನೆಯ ಶತಮಾನದ ಸಂತ ಬೆನೆಡಿಕ್ಟರ ನಿಯಮಾವಳಿ. ತಮ್ಮ ಕೈಯ ದುಡಿಮೆಯಿಂದ ಬದುಕಿದಾಗಲೇ ಇವರು ನಿಜವಾದ ಮಾಂಕ್‌ಗಳು ಎಂದು ಅದರ 48ನೆಯ ಅಧ್ಯಾಯ ಹೇಳುತ್ತದೆ. 57ನೆಯದು ಇನ್ನೂ ಸೊಗಸು: ಮಠದಲ್ಲಿ ತಯಾರಾದದ್ದನ್ನು ಮಾರುವಾಗ ಹೊರಗಿನವರ ಬೆಲೆಗಿಂತ ತುಸು ಕಡಿಮೆಗೇ ಮಾರಬೇಕು, ಆಸೆಬುರುಕತನ ಒಳಗೆ ನುಸುಳಬಾರದು. (ತಂಗಿ ಕೊಟ್ಟ ಬೆಲೆ ಕೇಳಲಿಲ್ಲ.)

ಇನ್ನೊಂದು ತೊಡಕು. ಸನ್ಯಾಸಿ ಪರಿವ್ರಾಜಕ. ಚಾತುರ್ಮಾಸ್ಯ ಬಿಟ್ಟರೆ ಒಂದೆಡೆ ನೆಲೆ ನಿಲ್ಲಬಾರದು ಎಂಬುದು ಹಳೆಯ ಕಟ್ಟಳೆ. ಬೆನೆಡಿಕ್ಟರ ಹಾದಿಯವರು ತೊಡುವ ವ್ರತಗಳಲ್ಲಿ ಒಂದು ಇದಕ್ಕೆ ನೇರ ಎದುರು: ಸೇರಿದ ಮಠದಲ್ಲೇ ಕೊನೆಯುಸಿರಿನ ತನಕ ನಿಲ್ಲುವುದು. ಒಬ್ಬ ಹೊರಟುಹೋಗುವ ಪ್ರತಿಜ್ಞೆ ಮಾಡಿದವನು, ಇನ್ನೊಬ್ಬ ಎಲ್ಲೂ ಹೋಗೆನೆಂದವನು. ಇಬ್ಬರಿಗೂ ಒಂದೇ ಹೆಸರು ಹೇಗೆ? ಅಂದಹಾಗೆ ನನ್ನ ಕರಡಿನಲ್ಲಿ ‘ಮೌನವ್ರತ ತೊಟ್ಟ’ ಎಂಬ ವಿಶೇಷಣವೂ ಇತ್ತು, ಈಗ ತೆಗೆದಿದ್ದೇನೆ. ಟ್ರ್ಯಾಪಿಸ್ಟರು ಮಾತು ಕಡಿಮೆ ಆಡುತ್ತಾರೆ, ನಿಜ. ಆದರೆ ಮೌನ ಅವರ ಶಿಸ್ತು, ವ್ರತವಲ್ಲ. ಟ್ರ್ಯಾಪಿಸ್ಟ್ ಎಂಬ ಹೆಸರಿಗೂ ಅದಕ್ಕೂ ಸಂಬಂಧವಿಲ್ಲ. ಫ್ರಾನ್ಸಿನ ನಾರ್ಮಂಡಿಯ ಲಾ ತ್ರಾಪ್ ಎಂಬ ಮಠದಲ್ಲಿ 1664ರಲ್ಲಿ ರಾನ್ಸೆ ಎಂಬ ಮಠಾಧಿಪತಿ ಬಿಗಿಮಾಡಿದ ಕಟ್ಟುಪಾಡಿನಿಂದ ಬಂದ ಹೆಸರು ಅದು.

‘ಕಾಯಕ ಅಂತ ಒಂದು ಮಾತು ಸೇರಿಸಿ, ಎಲ್ಲ ಸರಿಹೋಗುತ್ತದೆ’ ಎಂದರು ಸ್ನೇಹಿತರೊಬ್ಬರು. ಕೇಳಲು ಚೆಂದ, ಆದರೆ ನನಗೆ ಒಪ್ಪಿಗೆಯಿಲ್ಲ. ಬೆನೆಡಿಕ್ಟರ ಪರಿಭಾಷೆಯಲ್ಲಿ ‘ದೇವರ ಕೆಲಸ’ ಎಂದರೆ ಹೊತ್ತುಹೊತ್ತಿಗೆ ಗಾಯನವಾಗಿ ನಡೆಯುವ ಪ್ರಾರ್ಥನೆ, ಅದಕ್ಕಿಂತ ಯಾವುದೂ ಮೇಲಲ್ಲ. ಗಂಟೆ ಬಾರಿಸಿದರೆ ಹಿಡಿದ ಕೆಲಸ ಅಲ್ಲೇ ಬಿಟ್ಟು ಎದ್ದು ಬರಬೇಕು ಎಂಬುದು ಅವರ ನಿಯಮ. ಕಾಯಕದಲ್ಲಿ ನಿರತನಾದರೆ ಲಿಂಗಪೂಜೆಯನ್ನಾದರೂ ಮರೆಯಬೇಕು ಎಂದ ನಮ್ಮ ಶರಣರ ಮಾತು ಹೋಗುವುದು ಇದರ ತಿರುವುಮುರುವು ದಿಕ್ಕಿನಲ್ಲಿ.

ಸನ್ಯಾಸಿ ಪದದ ಪರವಾಗಿಯೂ ಒಂದು ಸಾಕ್ಷಿ ಇದೆ, ಹತ್ತಿರದ್ದೇ. ಬೀಡ್ ಗ್ರಿಫಿತ್ಸ್ ಎಂಬ ಇಂಗ್ಲಿಷ್ ಬೆನೆಡಿಕ್ಟೀನರು 1955ರಲ್ಲಿ ಭಾರತಕ್ಕೆ ಬಂದು ಮೊದಲು ನೆಲೆಸಿದ್ದು ನಮ್ಮ ಕೆಂಗೇರಿಯಲ್ಲಿ. 1958ರಲ್ಲಿ ಅವರು ಬೆಲ್ಜಿಯಮ್ಮಿನ ಟ್ರ್ಯಾಪಿಸ್ಟ್ ಫ್ರಾನ್ಸಿಸ್ ಆಚಾರ್ಯರ ಜೊತೆ ಕೇರಳದ ಬೆಟ್ಟಕ್ಕೆ ಹೋಗಿ ಕುರಿಸುಮಲೆ ಆಶ್ರಮ ಕಟ್ಟಿದರು. ಕಾವಿ ಉಟ್ಟರು, ಅಬ್ಬಿ ಅನ್ನದೆ ಆಶ್ರಮ ಎಂದರು. ಹಾಗೆಂದು ಭಿಕ್ಷೆಗೆ ಹೋಗಲಿಲ್ಲ. ದನ ಸಾಕಿದರು, ಹಾಲು ಮಾರಿದರು. ಪದ ನಮ್ಮದು, ಬದುಕು ಬೆನೆಡಿಕ್ಟರದು. ಅವರೇ ಒಪ್ಪಿಕೊಂಡ ಮೇಲೆ ನನ್ನದೇನು ತಕರಾರು ಎಂದೂ ಅನ್ನಿಸುತ್ತದೆ.

ಅಬ್ಬಿ ಎಂದಾಗ ನೆನಪಾಯಿತು. ನಾವು ಹವ್ಯಕರು, ನಮ್ಮ ಮನೆಯಲ್ಲಿ ಅಬ್ಬೆ ಎಂದರೆ ಅಮ್ಮ. ಹಳಗನ್ನಡದ ಮಾತು, ನಮ್ಮ ಕಡೆ ಇನ್ನೂ ಜೀವಂತ ಇದೆ. ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸಿದ, ಜನ ದೊಡ್ಡಸ್ವಾಮಿ ಎಂದು ಕರೆದ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾರ ಹೆಸರನ್ನು ಶಾಲೆಯಲ್ಲಿ ಓದಿದಾಗ, ಗಡ್ಡದ ಗಂಡಸಿಗೆ ಅಬ್ಬೆ ಅನ್ನುತ್ತಾರಲ್ಲ ಎಂದು ನಕ್ಕಿದ್ದೆ. ಆ ಅಬ್ಬೆಯೂ, ಅಬ್ಬಿಯೂ, ಅದರ ಒಡೆಯ ಅಬ್ಬಟನೂ ಹುಟ್ಟಿದ್ದು ಅರಾಮಿಕ್ ಭಾಷೆಯ ‘ಅಬ್ಬಾ’ದಿಂದ, ಅಪ್ಪ ಎಂಬ ಅರ್ಥದಲ್ಲಿ. ಹಾಗಾಗಿ ‘ಅಬ್ಬೆ’ ಎಂದು ಬರೆದರೆ ನಮ್ಮ ಕಡೆಯ ಓದುಗರಿಗೆ ಅಪ್ಪನೇ ಅಮ್ಮನಾಗುತ್ತಾನೆ. ‘ಅಬ್ಬಿ’ ಎಂದರೆ ಮಡಿಕೇರಿಯ ಜಲಪಾತ. ನಾನು ಸುಮ್ಮನೆ ‘ಮಠ’ ಎಂದಿಟ್ಟಿದ್ದೇನೆ.

ಇನ್ನು ಜೆಲ್ಲಿ. ಇದಕ್ಕೆ ಕನ್ನಡ ಹುಡುಕುವ ಚಪಲ ಬಿಡಲಿಲ್ಲ. ಹಲಸಿನ ಹಣ್ಣನ್ನು ಬೆಲ್ಲ ಹಾಕಿ, ಉರುಳಿಯ ತಳ ಬಿಡುವ ತನಕ ಮಗುಚಿದರೆ ಬೆರಟಿ. ಅದರಲ್ಲಿ ತಿರುಳೆಲ್ಲ ಇರುತ್ತದೆ, ಹಾಗಾಗಿ ಅದು ಜಾಮಿನ ನೆಂಟ. ಜೆಲ್ಲಿಗೆ ತಿರುಳು ಬೇಡ. ಹಣ್ಣು ಬೇಯಿಸಿ, ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ, ತಾನಾಗಿ ಇಳಿದ ರಸ ಮಾತ್ರ ಸಾಕು. ಅವಸರಕ್ಕೆ ಹಿಂಡಿದರೆ ಮಬ್ಬಾಗುತ್ತದೆ. ಸೋಸುವುದರಲ್ಲಿ ಇದು ನಮ್ಮ ರಾಗಿ ಮಣ್ಣಿಗೆ ಹತ್ತಿರ, ತಟ್ಟೆಯಲ್ಲಿ ನಡುಗುವುದರಲ್ಲೂ. ‘ಹಣ್ಣಿನ ಮಣ್ಣಿ’ ಎಂದು ಬರೆದೂ ನೋಡಿದೆ. ಆದರೆ ಮಣ್ಣಿ ಗಟ್ಟಿಯಾಗುವುದು ಹಿಟ್ಟಿನಿಂದ, ಮಾರನೆಯ ದಿನಕ್ಕೆ ಹಳಸುತ್ತದೆ. ಜೆಲ್ಲಿ ನಿಲ್ಲುವುದು ಹಣ್ಣಿನದೇ ಪೆಕ್ಟಿನ್ (ಗಟ್ಟಿಗೊಳಿಸುವ ಅಂಟು), ಹುಳಿ, ಸಕ್ಕರೆ ಮೂರೂ ಕೂಡಿದಾಗ. ಪಾಕ 105 ಡಿಗ್ರಿಯ ಹತ್ತಿರ ಬಂದು, ಸೌಟಿನಂಚಿನ ಎರಡು ಹನಿ ಬೇರೆಬೇರೆ ಬೀಳದೆ ಕೂಡಿಕೊಂಡು ಹಾಳೆಯಂತೆ ಜಾರಿದರೆ ಹದ.

ಜೆಲ್ಲಿಯ ಮೂಲ ಲ್ಯಾಟಿನ್ನಿನಲ್ಲಿ ಹಿಮವಾಗು, ಮರಗಟ್ಟು ಎಂಬ ಕ್ರಿಯಾಪದ. ನಮ್ಮ ‘ಹೆಪ್ಪುಗಟ್ಟು’ ನೀರಿಗೂ ಆಗುತ್ತದೆ, ಹಾಲಿಗೂ, ರಕ್ತಕ್ಕೂ. ಕ್ರಿಯಾಪದ ನಮ್ಮಲ್ಲಿ ತಯಾರಾಗಿಯೇ ಇದೆ, ನಾಮಪದ ಮಾತ್ರ ಇಲ್ಲ. ‘ಹಣ್ಣಿನ ಹೆಪ್ಪು’ ಎಂದರೆ ಮೊಸರಿಗೆ ಹಾಕುವ ಹೆಪ್ಪು ಎಂದುಕೊಳ್ಳುತ್ತಾರೆ. ಆದ್ದರಿಂದ ‘ಜೆಲ್ಲಿ ಹೆಪ್ಪುಗಟ್ಟಿತು’ ಎಂದು ಬರೆದು ಜೆಲ್ಲಿಯನ್ನು ಜೆಲ್ಲಿಯಾಗಿಯೇ ಬಿಟ್ಟಿದ್ದೇನೆ. ಇದರಲ್ಲಿ ನನಗೆ ಅನುಮಾನವಿಲ್ಲ.

ಅನುಮಾನ ಇರುವುದು ಮೊದಲನೆಯದರಲ್ಲಿ. ‘ಮಠವಾಸಿ’ ಅರ್ಥಕ್ಕೆ ಎಲ್ಲಕ್ಕಿಂತ ಹತ್ತಿರ, ಆದರೆ ಕಿವಿಗೆ ರೇಷನ್ ಕಾರ್ಡಿನ ‘ಖಾಯಂ ನಿವಾಸಿ’ಯ ಹಾಗೆ ಕೇಳುತ್ತದೆ. ಬಳಗದಲ್ಲಿ ಕ್ಯಾಥೊಲಿಕ್ ಮನೆಗಳವರು ಇದ್ದೀರಿ. ಮಂಗಳೂರು ಕಡೆಯವರು, ಮೈಸೂರು, ಹಾಸನದವರು: ಮಠ ಸೇರಿದ, ಆದರೆ ಗುರುಗಳಾಗದ ಮಗನನ್ನೋ ಅಣ್ಣನನ್ನೋ ಮನೆಯಲ್ಲಿ ಕನ್ನಡದಲ್ಲಿ ಏನೆನ್ನುತ್ತೀರಿ? ಬ್ರದರ್ ಅಷ್ಟೇನಾ, ಅಥವಾ ಹಿರಿಯರ ಬಾಯಲ್ಲಿ ಬೇರೆ ಮಾತೇನಾದರೂ ಇತ್ತೇ?