ಸಹಾಯ ಬೇಕು: ನಮ್ಮವ್ವನ ಸೋಬಾನೆ ಪದಗಳ ಕ್ಯಾಸೆಟ್

ಎಲ್ಲರಿಗೂ ನಮಸ್ಕಾರ. ನಮ್ಮವ್ವ ಹೋದ ವರ್ಷ ತೀರಿಕೊಂಡರು. ಮಂಡ್ಯ ಕಡೆಯ ನಮ್ಮೂರಲ್ಲಿ ಯಾರ ಮನೆ ಮದುವೆಯಾದರೂ ಸೋಬಾನೆ ಹೇಳಲು ಅವ್ವನೇ ಬೇಕಿತ್ತು. ಅರಿಶಿನ ಹಚ್ಚುವಾಗ ಒಂದು ಪದ, ಧಾರೆಗೆ ಒಂದು, ಹೆಣ್ಣು ಒಪ್ಪಿಸುವಾಗ ಇನ್ನೊಂದು. ಓದು ಬರಹ ಇರಲಿಲ್ಲ, ಎಲ್ಲಾ ಬಾಯಲ್ಲೇ.

1994ರಲ್ಲಿ ಮಾವ ಆ ದನಿಯನ್ನು ಸಿ-90 ಕ್ಯಾಸೆಟ್‌ಗೆ ತುಂಬಿಸಿದ್ದರು. ಈಗ ಟೇಪಿನ ಮೇಲೆ ಬಿಳಿ ಬೂಷ್ಟು ಬಂದಿದೆ. 90 ನಿಮಿಷದ ಟೇಪು 60ರದ್ದಕ್ಕಿಂತ ತೆಳು ಅಲ್ವಾ, ಸುಮ್ನೆ ಹಾಕಿ ನೋಡಲು ಧೈರ್ಯವಿಲ್ಲ. ಇದನ್ನು ಶುಚಿಮಾಡಿ ಕಂಪ್ಯೂಟರಿಗೆ ಏರಿಸಿಕೊಡುವವರು ಮೈಸೂರು, ಬೆಂಗಳೂರಲ್ಲಿ ಯಾರಾದರೂ ಗೊತ್ತಾ? ಕೊರಿಯರ್ ಮಾಡುವುದಿಲ್ಲ, ನಾನೇ ತರುತ್ತೇನೆ. ವರ್ಷದ ತಿಥಿಗೆ ಮೊಮ್ಮಕ್ಕಳು ಅಜ್ಜಿಯ ದನಿ ಕೇಳಬೇಕು ಅಂತ ಆಸೆ. ಗೊತ್ತಿದ್ದವರು ದಯವಿಟ್ಟು ತಿಳಿಸಿ.