ಹೈಸ್ಕೂಲಿಗೆ ಬರುವ ಹೊಸ ಮಕ್ಕಳಿಗೆ ಮೊದಲ ದಿನವೇ ಎಲ್ಲ ಸಿಬ್ಬಂದಿಯ ಪರಿಚಯ ಮಾಡಿಸಬೇಕಾ?

ಪ್ರಶ್ನೆ

ನಮಸ್ಕಾರ. ಈ ಸಲ ಹೊಸದಾಗಿ ಸೇರುವ ಮಕ್ಕಳನ್ನು ಬರಮಾಡಿಕೊಳ್ಳುವ ಜವಾಬ್ದಾರಿ ನನ್ನ ಪಾಲಿಗೆ ಬಂದಿದೆ. ಸುಮಾರು 120 ಮಕ್ಕಳು, ನಾವು 32 ಜನ ಸಿಬ್ಬಂದಿ. ಇಷ್ಟು ವರ್ಷ ನಡೆದುಕೊಂಡು ಬಂದಿದ್ದು ಹೀಗೆ: ಎಲ್ಲರನ್ನೂ ಹಾಲ್‌ನಲ್ಲಿ ಕೂರಿಸುವುದು, ಹೆಡ್‌ಮಾಸ್ಟರ್ ಭಾಷಣ, ಆಮೇಲೆ ಒಬ್ಬೊಬ್ಬರದೇ ಹೆಸರು, ಡಿಗ್ರಿ, ವಿಷಯ, ಎಷ್ಟು ವರ್ಷದ ಅನುಭವ ಅಂತ ಓದುತ್ತಾ ಹೋಗುವುದು, ಪ್ರತಿ ಹೆಸರಿಗೂ ಒಂದು ಚಪ್ಪಾಳೆ.

ಹೋದ ವರ್ಷ ನಾನು ಹಾಲ್‌ನ ಹಿಂದೆ ನಿಂತು ನೋಡಿದೆ. ಹತ್ತನೇ ಹೆಸರು ಬರುವಷ್ಟರಲ್ಲಿ ಮಕ್ಕಳು ವೇದಿಕೆ ಕಡೆ ನೋಡುವುದನ್ನೇ ಬಿಟ್ಟಿದ್ದರು. ಪಕ್ಕದವರು ಚಪ್ಪಾಳೆ ತಟ್ಟಿದರೆ ತಾವೂ ತಟ್ಟುತ್ತಿದ್ದರು, ಅಷ್ಟೇ. ಮಾರನೇ ದಿನ ಒಬ್ಬ ಹುಡುಗ ಟೈಮ್‌ಟೇಬಲ್ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕೈಯಲ್ಲಿ ಹಿಡಿದುಕೊಂಡು ನೋಟಿಸ್ ಬೋರ್ಡ್ ಮುಂದೆ ನಿಂತಿದ್ದ. ಏನೋ ಓದುತ್ತಿದ್ದಾನೆ ಅಂದುಕೊಂಡೆ. ಬೆಲ್ ಆಗಿ ಹತ್ತು ನಿಮಿಷ ಆದರೂ ಅಲ್ಲೇ ಇದ್ದ. ಹತ್ತಿರ ಹೋಗಿ ಕೇಳಿದರೆ ಲ್ಯಾಬ್ ಎಲ್ಲಿದೆ ಅಂತ ಗೊತ್ತಿಲ್ಲ, ಯಾರನ್ನು ಕೇಳಬೇಕು ಅಂತಲೂ ಗೊತ್ತಿಲ್ಲ. ಹಿಂದಿನ ದಿನ ತಾನೇ ಅವನಿಗೆ ನಮ್ಮೆಲ್ಲರ ಪರಿಚಯ ಮಾಡಿಸಿದ್ದೆವು. ನನಗೆ ತುಂಬಾ ಬೇಜಾರಾಯಿತು.

ಈ ಸಲ ಬೇರೆ ಥರ ಮಾಡಬೇಕು ಅಂತಿದೆ. ಆದರೆ ಕೆಲವರ ಹೆಸರು ಬಿಟ್ಟರೆ ಸಹೋದ್ಯೋಗಿಗಳು ಬೇಸರ ಮಾಡಿಕೊಳ್ಳುತ್ತಾರೆ. ನೀವು ಹೇಗೆ ಮಾಡುತ್ತೀರಿ?

ಉತ್ತರ 1

ನಾನೂ ಮೇಷ್ಟ್ರೇ. ಹೈಸ್ಕೂಲಲ್ಲಿ ಇಪ್ಪತ್ತು ವರ್ಷದ ಮೇಲಾಯಿತು. ಮೊದಲ ದಿನ ನಾಲ್ಕು ಜನರ ಪರಿಚಯ ಸಾಕು, ಅದಕ್ಕಿಂತ ಜಾಸ್ತಿ ಬೇಡ. ಇದು ಸುಮ್ನೆ ನನ್ನ ಅಭಿಪ್ರಾಯ ಅಲ್ಲ. ಒಂದು ಸಲಕ್ಕೆ ಮನಸ್ಸಲ್ಲಿ ಸುಮಾರು ಏಳು ಸಂಗತಿ ಹಿಡಿದುಕೊಳ್ಳಬಹುದು ಅಂತ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದಿದ್ದರು. 2001ರಲ್ಲಿ ಇನ್ನೊಬ್ಬ ಮನಶ್ಶಾಸ್ತ್ರಜ್ಞ ನೆಲ್ಸನ್ ಕೋವನ್ ಅದನ್ನು ಸುಮಾರು ನಾಲ್ಕಕ್ಕೆ ಇಳಿಸಿದರು. ಅದರಲ್ಲೂ ಹೆಸರು ನೆನಪಿಡುವುದು ಇನ್ನೂ ಕಷ್ಟ, ಯಾಕಂದ್ರೆ ಹೆಸರಿಗೂ ಆ ವ್ಯಕ್ತಿ ಮಾಡುವ ಕೆಲಸಕ್ಕೂ ಸಂಬಂಧವೇ ಇರುವುದಿಲ್ಲ. "ಲೈಬ್ರರಿ ನೋಡಿಕೊಳ್ಳುವವರು" ಅನ್ನುವುದು ಮಗುವಿಗೆ ನೆನಪಿರುತ್ತದೆ, ಅವರ ಹೆಸರು ಮರೆತು ಹೋಗುತ್ತದೆ.

ಹಾಗಾಗಿ ಡಿಗ್ರಿ, ಅನುಭವ ಎಲ್ಲ ಬಿಡಿ. ಪ್ರತಿಯೊಬ್ಬರೂ ಎರಡೇ ವಾಕ್ಯ ಹೇಳಲಿ: ನಾನು ಎಲ್ಲಿ ಸಿಗುತ್ತೇನೆ, ಯಾವುದಕ್ಕೆ ನನ್ನ ಹತ್ತಿರ ಬರಬೇಕು. "ಮೊದಲ ಮಹಡಿ, ಮೆಟ್ಟಿಲು ಹತ್ತಿದ ತಕ್ಷಣ ಬಲಗಡೆ ಕೋಣೆ. ದಾರಿ ಗೊತ್ತಾಗದಿದ್ದರೆ, ಯಾರಾದರೂ ತೊಂದರೆ ಕೊಟ್ಟರೆ, ಸೀದಾ ನನ್ನ ಹತ್ತಿರ ಬನ್ನಿ, ಪಾಠ ನಡೆಯುತ್ತಿದ್ದರೂ ಪರವಾಗಿಲ್ಲ." ಆ ಕೊನೆಯ ಮಾತು ತುಂಬಾ ಮುಖ್ಯ. ಒಳಗೆ ಪಾಠ ನಡೆಯುತ್ತಿದೆ ಅಂತ ಎಷ್ಟೋ ಮಕ್ಕಳು ಬಾಗಿಲವರೆಗೂ ಬಂದು ವಾಪಸ್ ಹೋಗುತ್ತಾರೆ.

ಉಳಿದ ಶಿಕ್ಷಕರು ತಮ್ಮ ಮೊದಲ ಪೀರಿಯಡ್‌ನಲ್ಲಿ ತಾವೇ ಪರಿಚಯ ಮಾಡಿಕೊಳ್ಳಲಿ. ಅಲ್ಲಿ ಮುಖ, ಕೋಣೆ, ವಿಷಯ ಮೂರೂ ಒಟ್ಟಿಗೆ ಸಿಗುತ್ತವೆ. ಬೇಸರದ ವಿಷಯಕ್ಕೆ ಬಂದರೆ, ಎಲ್ಲರ ಫೋಟೊ ಮತ್ತು ಹೆಸರು ಇರುವ ಒಂದು ದೊಡ್ಡ ಬೋರ್ಡ್ ಮಾಡಿ ಬಾಗಿಲ ಹತ್ತಿರ ಹಾಕಿ. ತಿಂಗಳುಗಟ್ಟಲೆ ಇರಲಿ. ಸಹೋದ್ಯೋಗಿಗಳಿಗೆ ಮೊದಲೇ ಕಾರಣ ಹೇಳಿ. ಆ ಹುಡುಗನ ಕಥೆ ಹೇಳಿದರೂ ಸಾಕು, ಅರ್ಥ ಮಾಡಿಕೊಳ್ಳುತ್ತಾರೆ.

ಉತ್ತರ 2

ನಾನು ಶಿಕ್ಷಕಿ ಅಲ್ಲ, ಶಾಲೆಯ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಪರಿಚಯ ಪ್ರತಿ ವರ್ಷ ಒಂದೇ ಸಾಲಲ್ಲಿ ಮುಗಿಯುತ್ತದೆ: "ಹಾಗೂ ಕಚೇರಿ ಸಿಬ್ಬಂದಿ". ಆದರೆ ಮೊದಲ ಎರಡು ವಾರ ಮಕ್ಕಳು ಜಾಸ್ತಿ ಬರುವುದು ನಮ್ಮ ಕಿಟಕಿ ಹತ್ತಿರವೇ. ಐಡಿ ಕಾರ್ಡ್‌ನಲ್ಲಿ ಹೆಸರು ತಪ್ಪಾಗಿದೆ, ಜ್ವರ ಬಂದಿದೆ ಮನೆಗೆ ಫೋನ್ ಮಾಡಬೇಕು, ಬ್ಯಾಗ್ ಕಳೆದುಹೋಗಿದೆ, ಹೀಗೆ. ಕೆಲವು ಮಕ್ಕಳು ಕಿಟಕಿ ಮುಂದೆ ಎರಡು ಮೂರು ಸಲ ಓಡಾಡಿ ಆಮೇಲೆ ಬಾಯಿ ಬಿಡುತ್ತಾರೆ.

ಇನ್ನೊಂದು ಹೇಳಲೇಬೇಕು. ಹಿಂದೊಮ್ಮೆ ಹೊಸ ಹುಡುಗಿಯೊಬ್ಬಳಿಗೆ ಶಾಲೆಯಲ್ಲಿದ್ದಾಗಲೇ ಮುಟ್ಟು ಶುರುವಾಯಿತು. ಯಾರ ಹತ್ತಿರ ಹೇಳಬೇಕು ಅಂತ ಗೊತ್ತಾಗದೆ ಶೌಚಾಲಯದೊಳಗೆ ಒಂದು ಪೂರ್ತಿ ಪೀರಿಯಡ್ ಕೂತಿದ್ದಳು. ಅವಳನ್ನು ನೋಡಿ ಮಾತಾಡಿಸಿದ್ದು ಅಲ್ಲಿ ಸ್ವಚ್ಛತೆ ಕೆಲಸ ಮಾಡುವ ಅಮ್ಮ. ಪ್ಯಾಡ್ ತಂದುಕೊಟ್ಟರು, ತಮ್ಮ ಶಾಲನ್ನೇ ಸೊಂಟಕ್ಕೆ ಸುತ್ತಿ ನನ್ನ ಹತ್ತಿರ ಕರೆದುಕೊಂಡು ಬಂದರು. ಅವರನ್ನು ಯಾರೂ ಯಾವತ್ತೂ ಮಕ್ಕಳಿಗೆ ಪರಿಚಯಿಸಿರಲಿಲ್ಲ. ನಿಮ್ಮ ಆ ನಾಲ್ಕು ಜನರಲ್ಲಿ ಅಂಥವರೊಬ್ಬರು ಇರಲಿ. ಹೆಣ್ಣುಮಕ್ಕಳಿಗೆ ಪ್ಯಾಡ್ ಎಲ್ಲಿ ಸಿಗುತ್ತದೆ ಅನ್ನುವುದನ್ನೂ ಮೊದಲ ದಿನವೇ ಸ್ಪಷ್ಟವಾಗಿ ಹೇಳಿ, ಮುಚ್ಚುಮರೆ ಬೇಡ.

ಉತ್ತರ 3

ಮೇಲಿನ ಎರಡೂ ಮಾತು ಒಪ್ಪುತ್ತೇನೆ. ಆದರೆ ನಾವು ಯಾರು ಅಂತ ಹೇಳುವುದರಲ್ಲೇ ದಿನ ಮುಗಿದರೆ, ಅವರು ಯಾರು ಅಂತ ಕೇಳುವುದು ಯಾವಾಗ? ನಾನು ಮೊದಲ ದಿನ ಒಂದು ಚೀಟಿ ಕೊಡುತ್ತೇನೆ. ನಿನ್ನನ್ನು ಏನಂತ ಕರೆಯಬೇಕು, ಇಲ್ಲಿ ನಿನಗೆ ಯಾವುದರ ಚಿಂತೆ ಇದೆ, ಅಷ್ಟೇ. ದಾಖಲೆಯಲ್ಲಿ ಇರುವ ಹೆಸರು ಒಂದು, ಮಗು ಓಗೊಡುವ ಹೆಸರು ಇನ್ನೊಂದು, ಇದು ಎಷ್ಟೋ ಸಲ ಆಗುತ್ತದೆ. ಚಿಂತೆಯ ಜಾಗದಲ್ಲಿ ಒಬ್ಬಳು ಒಂದೇ ಸಾಲು ಬರೆದಿದ್ದಳು: "ಊಟದ ಹೊತ್ತಲ್ಲಿ ಯಾರ ಜೊತೆ ಕೂರಲಿ". ಆವತ್ತು ಮಧ್ಯಾಹ್ನವೇ ಇಬ್ಬರು ಮಕ್ಕಳಿಗೆ ಹೇಳಿ ಜೊತೆಗೆ ಕೂರಿಸಿದೆ.

ಹಿರಿಯ ವಿದ್ಯಾರ್ಥಿಗಳಿಂದಲೂ ಮಾತಾಡಿಸಿ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಆರನೇ ತರಗತಿಗೆ ಹೊಸದಾಗಿ ಬಂದ 1,300ಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ಒಂದು ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಮೊದಮೊದಲು ನಮಗೂ ಹೆದರಿಕೆ ಇತ್ತು, ಆಮೇಲೆ ಸರಿಹೋಯಿತು ಅಂತ ಹಿಂದಿನ ಮಕ್ಕಳು ಹೇಳಿದ್ದನ್ನು ಇವರಿಗೆ ಓದಲು ಕೊಟ್ಟು, ತಮ್ಮ ಮನಸ್ಸಿನದನ್ನು ಬರೆಯಲು ಹೇಳಿದರು. ಅಷ್ಟಕ್ಕೇ ಗೈರುಹಾಜರಿಯೂ ಫೇಲ್ ಆಗುವುದೂ ಕಡಿಮೆಯಾಯಿತು. "ಹೆದರಬೇಡಿ" ಅಂತ ನಾವು ನೂರು ಸಲ ಹೇಳುವುದಕ್ಕಿಂತ, "ನಾನೂ ಹೋದ ವರ್ಷ ತಪ್ಪು ಕ್ಲಾಸಿಗೆ ಹೋಗಿ ಕೂತಿದ್ದೆ" ಅಂತ ಒಬ್ಬ ಹಿರಿಯ ವಿದ್ಯಾರ್ಥಿ ಹೇಳಿದರೆ ಮಕ್ಕಳು ನಂಬುತ್ತಾರೆ ಅಲ್ವಾ.

ಉತ್ತರ 4

ತಂದೆಯಾಗಿ ಒಂದು ಮಾತು. ನನ್ನ ಮಗ ಶಾಲೆ ಶುರುವಾಗಿ ಮೂರು ವಾರ ಆದ ಮೇಲೆ ಸೇರಿದ. ಸ್ವಾಗತ ಎಲ್ಲ ಮುಗಿದಿತ್ತು. ಅವನನ್ನು ಕ್ಲಾಸಿನ ಬಾಗಿಲಲ್ಲಿ ಬಿಟ್ಟು ಹೋದರು, ಅಷ್ಟೇ. ಶೌಚಾಲಯ ಎಲ್ಲಿ ಅಂತ ಕೇಳಲು ನಾಚಿಕೆಯಾಗಿ ಮೂರು ದಿನ ನೀರೇ ಕುಡಿದಿರಲಿಲ್ಲ. ತಡವಾಗಿ ಬರುವ ಮಗುವಿಗೂ ಆ ನಾಲ್ಕು ಜನರನ್ನು ತೋರಿಸುವ ವ್ಯವಸ್ಥೆ ಮಾಡಿ, ದಯವಿಟ್ಟು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಮೂರು ದಿನದ ನೀರಿನ ವಿಷಯ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ತಡವಾಗಿ ಬರುವವರಿಗೆ ಒಬ್ಬ ಜೊತೆಗಾರ ವಿದ್ಯಾರ್ಥಿ, ಮೊದಲ ವಾರ ಪೂರ್ತಿ, ಇದು ಖಂಡಿತ ಮಾಡುತ್ತೇನೆ. ಭಾಷಣ ಐದು ನಿಮಿಷಕ್ಕೆ ಇಳಿಸಲು ಹೆಡ್‌ಮಾಸ್ಟರ್ ಒಪ್ಪಿದ್ದಾರೆ. ನಮ್ಮಲ್ಲೂ ಸ್ವಚ್ಛತೆ ನೋಡಿಕೊಳ್ಳುವ ಅಮ್ಮ ಇದ್ದಾರೆ. ವೇದಿಕೆ ಹತ್ತಲು ಅವರಿಗೆ ಇಷ್ಟ ಇದೆಯಾ, ಇಲ್ಲ ತರಗತಿಗೇ ಬಂದು ಮಕ್ಕಳ ಜೊತೆ ಮಾತಾಡುತ್ತಾರಾ ಅಂತ ನಾಳೆ ಬೆಳಿಗ್ಗೆ ಅವರನ್ನೇ ಕೇಳುತ್ತೇನೆ.